ಸೋರ್ಸ್ ಕೋಡ್‌ನಲ್ಲಿ ಕನ್ನಡ: ಲಿನಕ್ಸ್‌ನಲ್ಲಿ ಸರಿ, ವಿಂಡೋಸ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ರಸೀದಿಗಳ ಮೇಲೆ ಮೊತ್ತವನ್ನು ಅಕ್ಷರಗಳಲ್ಲಿ ಮುದ್ರಿಸಲು ನೆರವಾಗುವ ಚಿಕ್ಕ ಲೈಬ್ರರಿಯೊಂದನ್ನು ಸಿ++ನಲ್ಲಿ ಬರೆಯುತ್ತಿದ್ದೇನೆ. 21 ಎಂದು ಕೊಟ್ಟರೆ ಅದು ‘ಇಪ್ಪತ್ತೊಂದು ರೂಪಾಯಿ’ ಎಂದು ಮರಳಿಸಬೇಕು. ಕನ್ನಡದ ಸಂಖ್ಯಾವಾಚಕಗಳು ಒಂದಕ್ಕೊಂದು ಸೇರುವಾಗ ರೂಪ ಬದಲಿಸುವುದರಿಂದ, ಸಂಧಿನಿಯಮಗಳನ್ನು ಕೋಡ್‌ನಲ್ಲಿ ಹೆಣೆಯುವ ಬದಲು ನೂರರವರೆಗಿನ ಹೆಸರುಗಳನ್ನೆಲ್ಲ ಸೋರ್ಸ್ ಫೈಲಿನಲ್ಲಿಯೇ ಕನ್ನಡ ಲಿಪಿಯಲ್ಲಿ ಪಟ್ಟಿ ಮಾಡಿದ್ದೇನೆ. ಫೈಲುಗಳೆಲ್ಲವೂ ಯುಟಿಎಫ್-8ರಲ್ಲಿವೆ, ಅಂದರೆ ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಎನ್‌ಕೋಡಿಂಗ್‌ನಲ್ಲಿ.

ಲಿನಕ್ಸ್‌ನಲ್ಲಿ ಜಿಸಿಸಿ ಎಂಬ ಕಂಪೈಲರಿನಿಂದ ಕಂಪೈಲ್ ಮಾಡಿದಾಗ ಯಾವ ತೊಂದರೆಯೂ ಇಲ್ಲ. ಅದೇ ಕೋಡನ್ನು ವಿಂಡೋಸ್‌ನಲ್ಲಿ ವಿಷುವಲ್ ಸಿ++ ಮೂಲಕ ಕಂಪೈಲ್ ಮಾಡಿದಾಗ, ಸಾಮಾನ್ಯ ಸ್ಟ್ರಿಂಗ್‌ಗಳನ್ನು ಫೈಲಿಗೆ ಬರೆದರೆ ಕನ್ನಡ ಸರಿಯಾಗಿಯೇ ಬರುತ್ತದೆ. ಆದರೆ ವಿಂಡೋದ ಶೀರ್ಷಿಕೆಗೆ ಬಳಸಿದ ವೈಡ್ ಸ್ಟ್ರಿಂಗ್‌ಗಳಲ್ಲಿ (ಒಂದೊಂದು ಘಟಕಕ್ಕೂ ಒಂದಕ್ಕಿಂತ ಹೆಚ್ಚು ಬೈಟ್ ಬಳಸುವ ಸ್ಟ್ರಿಂಗ್‌ಗಳು) ಕನ್ನಡದ ಬದಲು ಲ್ಯಾಟಿನ್ ಚಿಹ್ನೆಗಳ ರಾಶಿ ಬೀಳುತ್ತದೆ. ಫೈಲಿನ ಆರಂಭದಲ್ಲಿ ಬಿಒಎಂ (ಫೈಲು ಯುನಿಕೋಡ್‌ನಲ್ಲಿದೆ ಎಂದು ಸೂಚಿಸುವ ಕೆಲವು ಬೈಟ್‌ಗಳು) ಸೇರಿಸಿ ಉಳಿಸಿದರೆ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಿದಾಗ ವೈಡ್ ಸ್ಟ್ರಿಂಗ್‌ಗಳು ಸರಿಯಾದವು, ಆದರೆ ಅದುವರೆಗೆ ಸರಿಯಾಗಿದ್ದ ಸಾಮಾನ್ಯ ಸ್ಟ್ರಿಂಗ್‌ಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಟ್ಟವು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವುದು ಏಕೆ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಪರೀಕ್ಷೆಗಳಿಗಾಗಿ ಬರೆದ ಪೈಥಾನ್ ಸ್ಕ್ರಿಪ್ಟಿಗೆ ಸಂಬಂಧಿಸಿದ್ದು. ‘ಒಂದು, ಎರಡು, ಮೂರು’ ಎಂದು ಆರಂಭವಾಗುವ ಫೈಲನ್ನು ವಿಂಡೋಸ್‌ನಲ್ಲಿ ಓದಲು ಹೋದರೆ, ಹೆಕ್ಸ್‌ನಲ್ಲಿ 81 ಎಂಬ ಬೈಟನ್ನು ಡಿಕೋಡ್ ಮಾಡಲಾಗದು, ಅದು 11ನೇ ಸ್ಥಾನದಲ್ಲಿದೆ ಎಂದು ಹೇಳಿ ಸ್ಕ್ರಿಪ್ಟ್ ನಿಲ್ಲುತ್ತದೆ. ‘ರೂಪಾಯಿ’ ಮತ್ತು ‘ಪೈಸೆ’ ಎಂಬೆರಡು ಪದಗಳಷ್ಟೇ ಇರುವ ಇನ್ನೊಂದು ಫೈಲು ಯಾವ ದೋಷಸಂದೇಶವೂ ಇಲ್ಲದೆ ತೆರೆದುಕೊಳ್ಳುತ್ತದೆ, ಆದರೆ ಒಳಗಿನದು ಅರ್ಥವಾಗದ ಪಠ್ಯ. ಎರಡೂ ಕನ್ನಡದ ಫೈಲುಗಳೇ, ಎರಡನ್ನೂ ಒಂದೇ ಎಡಿಟರಿನಲ್ಲಿ ಉಳಿಸಿದ್ದೇನೆ.

ಮೂರನೆಯದಾಗಿ, ಸಹಾಯಕರೊಬ್ಬರು ಕಳಿಸಿದ ಪಟ್ಟಿಯಲ್ಲಿನ ‘ಕೋಟಿ’ ನನ್ನ ಕೋಡ್‌ನಲ್ಲಿರುವ ‘ಕೋಟಿ’ಗೆ ಹೊಂದಿಕೆಯಾಗುತ್ತಿಲ್ಲ. ಪರದೆಯ ಮೇಲೆ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಇವೆಲ್ಲವನ್ನೂ ನೋಡಿದರೆ ಸೋರ್ಸ್ ಕೋಡ್‌ನಿಂದ ಕನ್ನಡವನ್ನು ಪೂರ್ತಿಯಾಗಿ ಹೊರಗಿಡುವುದೇ ಲೇಸೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಸಂಕಲನಕಾರ

ತುಂಗಾತೀರ ಅವರೇ, ಮೊದಲ ಎರಡು ಪ್ರಶ್ನೆಗಳ ಬೇರು ಒಂದೇ. ನಿಮ್ಮ ಫೈಲಿನಲ್ಲಿರುವುದು ಬೈಟ್‌ಗಳು ಮಾತ್ರ; ಅವು ಯಾವ ಎನ್‌ಕೋಡಿಂಗ್‌ನವು ಎಂಬ ಮಾಹಿತಿ, ಬಿಒಎಂ ಸೇರಿಸದಿದ್ದರೆ, ಫೈಲಿನಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಓದುವ ಪ್ರತಿಯೊಂದು ತಂತ್ರಾಂಶವೂ ತನ್ನದೇ ಊಹೆಯ ಮೇಲೆ ನಡೆಯುತ್ತದೆ, ಆ ಊಹೆ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ.

‘ಕ’ ಅಕ್ಷರವನ್ನೇ ತೆಗೆದುಕೊಳ್ಳಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಕೋಡ್‌ಪಾಯಿಂಟ್ (ಅಕ್ಷರಕ್ಕೋ ಗುಣಿತದಂಥ ಚಿಹ್ನೆಗೋ ಯುನಿಕೋಡ್ ಕೊಟ್ಟ ಸಂಖ್ಯೆ) ಮೂರು ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ; ‘ಕ’ದ ಬೈಟ್‌ಗಳು ದಶಮಾಂಶದಲ್ಲಿ 224, 178, 149. ನಮ್ಮಲ್ಲಿ ಇಂಗ್ಲಿಷ್ ಆಯ್ಕೆಯೊಂದಿಗೆ ಬರುವ ವಿಂಡೋಸ್‌ನ ಹಳೆಯ ಕೋಡ್‌ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಪಟ್ಟಿ) ಸಾಮಾನ್ಯವಾಗಿ 1252, ಅಂದರೆ ಪಶ್ಚಿಮ ಯೂರೋಪಿನ ಭಾಷೆಗಳದ್ದು. ಅದರ ಪ್ರಕಾರ 224 ಎಂದರೆ ತಲೆಯ ಮೇಲೆ ಓರೆಗೀಟಿರುವ ಸಣ್ಣ ಲ್ಯಾಟಿನ್ ‘ಎ’, 178 ಎಂದರೆ ಮೇಲಕ್ಕೆ ಏರಿಸಿದ 2, 149 ಎಂದರೆ ದಪ್ಪ ಚುಕ್ಕೆ. ನೀವು ಕಂಡ ರಾಶಿಯಲ್ಲಿ ಆ ಓರೆಗೀಟಿನ ‘ಎ’ ಪ್ರತಿ ಮೂರು ಚಿಹ್ನೆಗೊಮ್ಮೆ ಬಂದಿರುತ್ತದೆ, ಏಕೆಂದರೆ ಕನ್ನಡದ ಎಲ್ಲ ಕೋಡ್‌ಪಾಯಿಂಟ್‌ಗಳ ಮೊದಲ ಬೈಟ್ 224.

ಬಿಒಎಂ ಇಲ್ಲದ ಫೈಲನ್ನು ವಿಷುವಲ್ ಸಿ++ ತಾನಿರುವ ಯಂತ್ರದ ಕೋಡ್‌ಪೇಜ್‌ನಲ್ಲಿದೆ ಎಂದೇ ಓದುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ ಕಂಪೈಲರಿಗೆ ಎರಡು ಅಕ್ಷರಗಣಗಳಿವೆ: ಸೋರ್ಸ್ ಫೈಲನ್ನು ಓದಲು ಒಂದು, ಸಾಮಾನ್ಯ ಸ್ಟ್ರಿಂಗ್‌ಗಳನ್ನು ಬೈನರಿಯಲ್ಲಿ ಬರೆದಿಡಲು ಇನ್ನೊಂದು. ಬಿಒಎಂ ಇಲ್ಲದಿದ್ದಾಗ ಎರಡೂ 1252. ಮೂರು ಬೈಟ್‌ಗಳನ್ನು ಮೂರು ಲ್ಯಾಟಿನ್ ಚಿಹ್ನೆಗಳೆಂದು ತಪ್ಪಾಗಿ ಓದಿ, ಅವುಗಳನ್ನು ಮತ್ತೆ ಅದೇ ಮೂರು ಬೈಟ್‌ಗಳಾಗಿ ಬರೆಯುತ್ತದೆ. ಹೋದ ದಾರಿಯಲ್ಲೇ ತಿರುಗಿ ಬಂದ ಕಾರಣ ಫಲಿತಾಂಶ ಸರಿಯಾಗಿ ಕಾಣುತ್ತದೆ. ವೈಡ್ ಸ್ಟ್ರಿಂಗ್‌ಗಳಿಗೆ ಈ ಅದೃಷ್ಟವಿಲ್ಲ. ಅಲ್ಲಿ ಲ್ಯಾಟಿನ್ ಚಿಹ್ನೆಗಳು ಯುಟಿಎಫ್-16ಕ್ಕೆ ಪರಿವರ್ತನೆಯಾಗಿ ತಪ್ಪು ಶಾಶ್ವತವಾಗುತ್ತದೆ.

ಬಿಒಎಂ ಸೇರಿಸಿದಾಗ ಬದಲಾಗುವುದು ಓದುವ ಗಣ ಮಾತ್ರ. ಕಂಪೈಲರಿಗೆ ಈಗ ಅದು ಕನ್ನಡದ ‘ಕ’ ಎಂದು ನಿಜವಾಗಿ ತಿಳಿಯುತ್ತದೆ, ವೈಡ್ ಸ್ಟ್ರಿಂಗ್ ಸರಿಯಾಗುತ್ತದೆ. ಆದರೆ ಸಾಮಾನ್ಯ ಸ್ಟ್ರಿಂಗ್ ಬರೆಯುವ ಗಣ ಇನ್ನೂ 1252ರಲ್ಲಿಯೇ ಉಳಿದಿದೆ, ಅದರಲ್ಲಿ ‘ಕ’ಕ್ಕೆ ಸ್ಥಾನವಿಲ್ಲ. ಹೀಗಾಗಿ ಪ್ರಶ್ನಾರ್ಥಕ ಚಿಹ್ನೆ, ಜೊತೆಗೆ ಸಿ4566 ಎಂಬ ಎಚ್ಚರಿಕೆ. ಈ ಎಚ್ಚರಿಕೆಯನ್ನು ಯಾರೂ ಅಲಕ್ಷಿಸಬಾರದು. ಅಕ್ಷರ ಕಳೆದುಹೋಯಿತು ಎಂದು ಅದು ನೇರವಾಗಿ ಹೇಳುತ್ತಿದೆ.

ಪರಿಹಾರ ‘/ಯುಟಿಎಫ್-8’ ಎಂಬ ಕಂಪೈಲರ್ ಆಯ್ಕೆ. ವಿಷುವಲ್ ಸ್ಟುಡಿಯೋ 2015ರ ಎರಡನೇ ಅಪ್‌ಡೇಟ್‌ನಿಂದ ಲಭ್ಯವಿರುವ ಇದು ಓದುವ ಗಣ, ಬರೆಯುವ ಗಣ ಎರಡನ್ನೂ ಒಟ್ಟಿಗೆ ಯುಟಿಎಫ್-8ಕ್ಕೆ ನಿಗದಿಪಡಿಸುತ್ತದೆ. ಸಿಮೇಕ್ ಎಂಬ ಬಿಲ್ಡ್ ಉಪಕರಣ ಬಳಸುತ್ತಿದ್ದರೆ ವಿಷುವಲ್ ಸಿ++ ಇದ್ದಾಗ ಮಾತ್ರ ಅನ್ವಯವಾಗುವಂತೆ ಷರತ್ತು ಹಾಕಿ ಇದನ್ನು ಬಿಲ್ಡ್ ಫೈಲಿನಲ್ಲಿಯೇ ಬರೆದಿಡಿ, ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಹೊಂದಿಸಿಕೊಳ್ಳಲಿ ಎಂದು ಬಿಡಬೇಡಿ. ಬಿಒಎಂ ತೆಗೆದುಬಿಡಿ. ಲಿನಕ್ಸ್‌ನ ಸ್ಕ್ರಿಪ್ಟ್ ಫೈಲುಗಳಲ್ಲಿ ಮೊದಲೆರಡು ಬೈಟ್ ನೋಡಿ ಇಂಟರ್‌ಪ್ರಿಟರನ್ನು ಗುರುತಿಸುವ ವ್ಯವಸ್ಥೆಗೆ ಅದು ಅಡ್ಡ ಬರುತ್ತದೆ; ಕೆಲವು ಫೈಲುಗಳಲ್ಲಿ ಇದೆ, ಕೆಲವುಗಳಲ್ಲಿ ಇಲ್ಲ ಎಂಬ ಸ್ಥಿತಿ ಇನ್ನೂ ಕೆಟ್ಟದ್ದು. ಕ್ಲ್ಯಾಂಗ್ ಎಂಬ ಕಂಪೈಲರ್ ಯುಟಿಎಫ್-8 ಬಿಟ್ಟು ಬೇರೆಯದನ್ನು ಓದುವುದೇ ಇಲ್ಲ. ಸಿ++23 ಮಾನಕವು ಪ್ರತಿಯೊಂದು ಕಂಪೈಲರೂ ಯುಟಿಎಫ್-8 ಸೋರ್ಸ್ ಫೈಲುಗಳನ್ನು ಸ್ವೀಕರಿಸಲೇಬೇಕು ಎಂದು ವಿಧಿಸಿದೆ. ಅದಕ್ಕೂ ಹಿಂದಿನ ಮಾನಕಗಳು ಇದನ್ನು ಕಂಪೈಲರ್ ತಯಾರಕರ ವಿವೇಚನೆಗೆ ಬಿಟ್ಟಿದ್ದವು.

ಈಗ ಪೈಥಾನ್. ವಿಂಡೋಸ್‌ನಲ್ಲಿ ಎನ್‌ಕೋಡಿಂಗ್ ಹೇಳದೆ ‘ಓಪನ್’ ಕರೆದರೆ 3.14ರವರೆಗಿನ ಪೈಥಾನ್ ಆವೃತ್ತಿಗಳು ಅದೇ 1252ನ್ನು ಬಳಸುತ್ತವೆ. 1252ರಲ್ಲಿ ಐದು ಸ್ಥಾನಗಳು ಖಾಲಿ: 129, 141, 143, 144, 157. ಕೊಂಬಿನ ಚಿಹ್ನೆಯ ಮೂರನೇ ಬೈಟ್ 129. ವ್ಯಂಜನಗಳನ್ನು ಒತ್ತಕ್ಷರವಾಗಿ ಬೆಸೆಯುವ ವಿರಾಮ ಚಿಹ್ನೆಯದು 141. ಏ, ಐ, ಝ ಅಕ್ಷರಗಳದು ಕ್ರಮವಾಗಿ 143, 144, 157. ‘ಒಂದು’ ಎಂಬಲ್ಲಿ ಒ, ಸೊನ್ನೆ, ದ, ಕೊಂಬು ಎಂದು ನಾಲ್ಕು ಕೋಡ್‌ಪಾಯಿಂಟ್‌ಗಳು, ಒಟ್ಟು ಹನ್ನೆರಡು ಬೈಟ್‌ಗಳು. ಸೊನ್ನೆಯಿಂದ ಎಣಿಸಿದರೆ 11ನೇ ಸ್ಥಾನದಲ್ಲಿರುವುದು ಕೊಂಬಿನ ಕೊನೆಯ ಬೈಟ್, ಅಂದರೆ 129, ಹೆಕ್ಸ್‌ನಲ್ಲಿ 81. ನಿಮ್ಮ ದೋಷಸಂದೇಶ ಅಕ್ಷರಶಃ ಅದನ್ನೇ ತೋರಿಸಿದೆ. ‘ರೂಪಾಯಿ’, ‘ಪೈಸೆ’ ಪದಗಳಲ್ಲಿ ಹ್ರಸ್ವ ಕೊಂಬೂ ಇಲ್ಲ, ಒತ್ತಕ್ಷರವೂ ಇಲ್ಲ, ಆ ಮೂರು ಅಕ್ಷರಗಳೂ ಇಲ್ಲ. ಆದ್ದರಿಂದ ಎಲ್ಲ ಬೈಟ್‌ಗಳಿಗೂ 1252ರಲ್ಲಿ ಏನಾದರೊಂದು ಅರ್ಥ ಸಿಕ್ಕಿ, ಆರು ಕೋಡ್‌ಪಾಯಿಂಟ್‌ಗಳ ‘ರೂಪಾಯಿ’ ಹದಿನೆಂಟು ಚಿಹ್ನೆಗಳಾಗಿ ಸದ್ದಿಲ್ಲದೆ ಒಳಬಂತು. ನನ್ನ ದೃಷ್ಟಿಯಲ್ಲಿ ದೋಷ ತೋರಿಸಿ ನಿಂತ ಫೈಲಿಗಿಂತ ಈ ಎರಡನೆಯದೇ ಹೆಚ್ಚು ಅಪಾಯಕಾರಿ.

ಪ್ರತಿ ‘ಓಪನ್’ ಕರೆಯಲ್ಲಿಯೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ. ಪೈಥಾನ್ 3.10ರಿಂದ, ಹಾಗೆ ಬರೆಯದ ಕಡೆಗಳಲ್ಲಿ ಎಚ್ಚರಿಸುವ ಆಯ್ಕೆಯೂ ಇದೆ. 3.15ರಲ್ಲಿ ಯುಟಿಎಫ್-8 ಪೂರ್ವನಿಯೋಜಿತವಾಗಬೇಕು ಎಂಬುದು ಪೆಪ್ 686 ಎಂಬ ಪೈಥಾನ್ ಪ್ರಸ್ತಾವದ ನಿರ್ಣಯ, ಆದರೆ ನಿಮ್ಮ ಬಳಕೆದಾರರ ಬಳಿ ಹಳೆಯ ಆವೃತ್ತಿಗಳು ಇನ್ನೂ ಬಹುಕಾಲ ಇರುತ್ತವೆ. ಪೈಥಾನಿನ ಸೋರ್ಸ್ ಫೈಲು 3.0ರಿಂದಲೇ ಯುಟಿಎಫ್-8 ಎಂದು ಪರಿಗಣಿತವಾಗುತ್ತದೆ ಎಂಬುದು ಬೇರೆ ವಿಷಯ. ಸ್ಕ್ರಿಪ್ಟಿನ ಒಳಗಿನ ಕನ್ನಡ ಸರಿಯಿದ್ದು, ಅದು ಓದುವ ಫೈಲಿನ ಕನ್ನಡ ಕೆಡುವುದಕ್ಕೆ ಈ ವ್ಯತ್ಯಾಸವೇ ಕಾರಣ.

ಉತ್ತರ: ಹಳೆಗಣಕ

ಸಂಕಲನಕಾರರ ವಿವರಣೆ ಸಂಪೂರ್ಣ ಸರಿಯಾಗಿದೆ, ಆದರೆ ನನ್ನ ಸಲಹೆ ಬೇರೆ. ಸೋರ್ಸ್ ಫೈಲಿನಲ್ಲಿ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಸಾಮಾನ್ಯ ಚಿಹ್ನೆಗಳ ಗಣ) ಬಿಟ್ಟು ಬೇರೇನೂ ಇರಬಾರದು ಎಂಬ ಹಳೆಯ ನಿಯಮಕ್ಕೆ ಬಲವಾದ ಕಾರಣಗಳಿವೆ.

ಆಸ್ಕಿಯ ಚಿಹ್ನೆಗಳೂ ಒಂದು ಕಾಲದಲ್ಲಿ ಎಲ್ಲೆಡೆ ಒಂದೇ ಆಗಿರಲಿಲ್ಲ. ಐಎಸ್‌ಒ 646ರ ರಾಷ್ಟ್ರೀಯ ರೂಪಗಳಲ್ಲಿ ಚೌಕಾವರಣ, ಪುಷ್ಪಾವರಣ, ಬ್ಯಾಕ್‌ಸ್ಲ್ಯಾಷ್ ಇವುಗಳ ಸ್ಥಾನಗಳನ್ನು ಸ್ವೀಡಿಷ್, ಡ್ಯಾನಿಷ್ ಮುಂತಾದ ಭಾಷೆಗಳ ಅಕ್ಷರಗಳು ಪಡೆದಿದ್ದವು. ಅಂಥ ಯಂತ್ರಗಳಲ್ಲಿಯೂ ಸಿ ಭಾಷೆಯನ್ನು ಬರೆಯಲು ಸಾಧ್ಯವಾಗಲೆಂದೇ 1989ರ ಮಾನಕದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳಿಂದ ಆರಂಭವಾಗುವ ಒಂಬತ್ತು ಟ್ರೈಗ್ರಾಫ್‌ಗಳನ್ನು (ಇಲ್ಲದ ಚಿಹ್ನೆಯ ಬದಲಿಗೆ ಬರೆಯುವ ಮೂರು ಚಿಹ್ನೆಗಳ ಗುಂಪುಗಳು) ಸೇರಿಸಲಾಯಿತು. ಸಿ++17 ಅವುಗಳನ್ನು ಕೈಬಿಟ್ಟಿತು, ಸಿ ಭಾಷೆ 23ರ ಮಾನಕದಲ್ಲಿ ಕೈಬಿಟ್ಟಿತು. ಅಲ್ಲಿಯವರೆಗೂ ಅವು ಬೇಕಾಗಿದ್ದವು ಎಂಬುದನ್ನು ಮರೆಯಬಾರದು. ಐಬಿಎಂ ಮೇನ್‌ಫ್ರೇಮ್‌ಗಳ ಎಬ್ಸಿಡಿಕ್ ಎಂಬ ಎನ್‌ಕೋಡಿಂಗ್‌ನಲ್ಲಿ ದೊಡ್ಡ ಲ್ಯಾಟಿನ್ ಅಕ್ಷರಗಳು 193ರಿಂದ 201, 209ರಿಂದ 217, 226ರಿಂದ 233 ಎಂದು ಮೂರು ತುಂಡುಗಳಾಗಿವೆ. ಮೊದಲ ಅಕ್ಷರದಿಂದ ಕೊನೆಯದರವರೆಗೆ ಒಂದೊಂದೇ ಕೂಡಿಸುತ್ತ ಹೋಗುವ ಲೂಪ್ ಅಲ್ಲಿ 26ರ ಬದಲು 41 ಸಲ ತಿರುಗುತ್ತದೆ. 0ಯಿಂದ 9ರವರೆಗಿನ ಅಂಕಿಗಳು ಮಾತ್ರ ಒಂದರ ಪಕ್ಕ ಒಂದು ಇರುತ್ತವೆ ಎಂಬುದಷ್ಟೇ ಸಿ ಮಾನಕದ ಭರವಸೆ.

ಆದ್ದರಿಂದ ಕನ್ನಡದ ಪಠ್ಯವನ್ನು ಬ್ಯಾಕ್‌ಸ್ಲ್ಯಾಷ್-ಯು ಸಂಕೇತಗಳಾಗಿ (ಅಕ್ಷರದ ಬದಲು ಅದರ ಯುನಿಕೋಡ್ ಸಂಖ್ಯೆ) ಬರೆಯಿರಿ, ಇಲ್ಲವೇ ಪ್ರತ್ಯೇಕ ಡೇಟಾ ಫೈಲಿನಲ್ಲಿಡಿ. ಜಾವಾದಲ್ಲಿ ನಾವು ಬಹುಕಾಲ ಮಾಡಿದ್ದು ಇದನ್ನೇ. ಪ್ರಾಪರ್ಟೀಸ್ ಫೈಲುಗಳನ್ನು ಜಾವಾ 8ರವರೆಗೂ ಲ್ಯಾಟಿನ್-1 ಎಂದೇ ಓದಲಾಗುತ್ತಿತ್ತು. ಕನ್ನಡದ ಸಂದೇಶಗಳನ್ನು ನೇಟಿವ್‌ಟುಆಸ್ಕಿ ಎಂಬ ಉಪಕರಣದಿಂದ ಸಂಕೇತಗಳಾಗಿ ಬದಲಿಸಿ ಇಡುತ್ತಿದ್ದೆವು. ಯಾವ ಯಂತ್ರಕ್ಕೆ ಒಯ್ದರೂ ಆ ಫೈಲುಗಳು ಕೆಡುತ್ತಿರಲಿಲ್ಲ.

ಉತ್ತರ: ಪದಕೋಶ

ಹಳೆಗಣಕ ಸರ್, ನೀವು ಹೇಳಿದ ಇತಿಹಾಸವನ್ನು ಗೌರವದಿಂದಲೇ ಓದಿದೆ. ಆದರೂ ಈ ಲೈಬ್ರರಿಯ ವಿಷಯದಲ್ಲಿ ನಾನು ಒಪ್ಪಲಾರೆ. ‘ನಾಲ್ಕು’ ಎಂಬ ಪದವನ್ನು ಸಂಕೇತಗಳಲ್ಲಿ ಬರೆದರೆ ಆರು ಸಂಕೇತಗಳ ಸಾಲಾಗುತ್ತದೆ. ಅದರಲ್ಲಿ ವಿರಾಮ ಚಿಹ್ನೆ ಬಿಟ್ಟುಹೋಗಿ ‘ನಾಲಕು’ ಎಂದಾಗಿದ್ದರೆ ಕೋಡನ್ನು ಪರಿಶೀಲಿಸುವ ಯಾವ ಕನ್ನಡಿಗನ ಕಣ್ಣಿಗೂ ಬೀಳದು. ಕನ್ನಡ ಲಿಪಿಯಲ್ಲಿದ್ದರೆ ಪ್ರೋಗ್ರಾಮಿಂಗ್ ಗೊತ್ತಿಲ್ಲದ ಮೇಷ್ಟ್ರೊಬ್ಬರು ಸಹ ಅದನ್ನು ಒಂದೇ ನೋಟಕ್ಕೆ ತಿದ್ದಬಲ್ಲರು. ತುಂಗಾತೀರರ ಲೈಬ್ರರಿಯಲ್ಲಿ ಮುಖ್ಯ ವಸ್ತುವೇ ಆ ಪದಗಳ ಪಟ್ಟಿ. ಅದನ್ನು ಓದಲಾಗದಂತೆ ಮಾಡಿ ಪಡೆಯುವ ಸ್ಥಿರತೆ ತುಂಬ ದುಬಾರಿ. ಇಂದು ಯಾರೂ ಅದನ್ನು ಎಬ್ಸಿಡಿಕ್ ಯಂತ್ರದಲ್ಲಿ ಕಂಪೈಲ್ ಮಾಡಲಾರರು. ಪ್ರಾಪರ್ಟೀಸ್ ಫೈಲುಗಳಿಂದ ಕಟ್ಟುವ ರಿಸೋರ್ಸ್ ಬಂಡಲ್‌ಗಳನ್ನು ಜಾವಾ ಸಹ 9ನೇ ಆವೃತ್ತಿಯಿಂದ ಯುಟಿಎಫ್-8ರಲ್ಲಿಯೇ ಓದುತ್ತದೆ, ಆ ಉಪಕರಣವನ್ನೂ ಆಗಲೇ ತೆಗೆದುಹಾಕಿದೆ. 18ನೇ ಆವೃತ್ತಿಯಿಂದ ಜಾವಾದ ಪೂರ್ವನಿಯೋಜಿತ ಎನ್‌ಕೋಡಿಂಗ್ ಎಲ್ಲ ಯಂತ್ರಗಳಲ್ಲೂ ಯುಟಿಎಫ್-8.

ಪ್ರತ್ಯೇಕ ಡೇಟಾ ಫೈಲಿನಲ್ಲಿಟ್ಟರೂ ಸಮಸ್ಯೆ ಬಗೆಹರಿಯುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ತುಂಗಾತೀರರ ಪೈಥಾನ್ ಸ್ಕ್ರಿಪ್ಟಿನಲ್ಲಿ ಕೆಟ್ಟದ್ದು ಡೇಟಾ ಫೈಲೇ ಅಲ್ಲವೇ?

ಯುಟಿಎಫ್-8ರ ಬಗ್ಗೆ ಒಂದು ಮಾತು ಹೇಳಲೇಬೇಕು. 1992ರಲ್ಲಿ ಕೆನ್ ಥಾಂಪ್ಸನ್ ಇದನ್ನು ರೂಪಿಸಿದಾಗ, ಆಸ್ಕಿಯಲ್ಲದ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆ ಇರಕೂಡದು ಎಂಬ ಗುಣವನ್ನು ಅದರಲ್ಲಿ ಕಾಪಾಡಲಾಯಿತು. ಜಪಾನಿನ ಶಿಫ್ಟ್-ಜಿಸ್ ಎನ್‌ಕೋಡಿಂಗ್‌ನಲ್ಲಿ ಕೆಲವು ಅಕ್ಷರಗಳ ಎರಡನೇ ಬೈಟ್ 92, ಅಂದರೆ ಬ್ಯಾಕ್‌ಸ್ಲ್ಯಾಷ್. ಎನ್‌ಕೋಡಿಂಗ್ ತಿಳಿಯದ ಕಂಪೈಲರ್ ಅದನ್ನು ಕಂಡು ಮುಂದಿನ ಉದ್ಧರಣ ಚಿಹ್ನೆಯನ್ನೇ ನುಂಗಿಬಿಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಯಾವ ಅಕ್ಷರದ ಒಳಗೂ ಉದ್ಧರಣ ಚಿಹ್ನೆಯಾಗಲಿ ಬ್ಯಾಕ್‌ಸ್ಲ್ಯಾಷ್ ಆಗಲಿ ಅಡಗಿರಲು ಸಾಧ್ಯವಿಲ್ಲ. ಆದ್ದರಿಂದಲೇ ಕನ್ನಡವನ್ನು ಅರಿಯದ ಹಳೆಯ ಉಪಕರಣಗಳೂ ಅದನ್ನು ಕೆಡಿಸದೆ ದಾಟಿಸಬಲ್ಲವು.

ಈಗ ‘ಕೋಟಿ’ಯ ವಿಷಯ. ಓತ್ವದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಕೋಡ್‌ಪಾಯಿಂಟ್ ಆಗಿ ಬರೆಯಬಹುದು. ಎತ್ವ, ದೀರ್ಘ ಕೊಂಬು, ದೀರ್ಘದ ಗುರುತು ಎಂಬ ಮೂರು ಕೋಡ್‌ಪಾಯಿಂಟ್‌ಗಳಾಗಿ ಬಿಡಿಸಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ‘ಕೋಟಿ’ 4 ಕೋಡ್‌ಪಾಯಿಂಟ್, 12 ಬೈಟ್. ಎರಡನೆಯದರಲ್ಲಿ 6 ಕೋಡ್‌ಪಾಯಿಂಟ್, 18 ಬೈಟ್. ಫಾಂಟ್ ಎರಡನ್ನೂ ಒಂದೇ ಆಕಾರದಲ್ಲಿ ಮೂಡಿಸುತ್ತದೆ, ಬೈಟ್‌ಗಳನ್ನು ಹೋಲಿಸುವ ಕೋಡಿಗೆ ಅವು ಬೇರೆ ಬೇರೆ. ಈತ್ವ, ಏತ್ವ, ಐತ್ವ, ಒತ್ವಗಳಿಗೂ ಇದೇ ಮಾತು ಸಲ್ಲುತ್ತದೆ. ನಿಮ್ಮ ‘ಇಪ್ಪತ್ತೊಂದು’ ಸಹ ಈ ಸಾಲಿನದೇ. ಹೊರಗಿನಿಂದ ಬಂದ ಪಠ್ಯವನ್ನು ಹೋಲಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿದ್ದನ್ನು ಒಂದಾಗಿ ಕೂಡಿಸಿದ ಯುನಿಕೋಡ್ ರೂಪಕ್ಕೆ ತರಬೇಕು, ಸೋರ್ಸ್‌ನಲ್ಲಿರುವುದೂ ಎನ್‌ಎಫ್‌ಸಿಯಲ್ಲಿಯೇ ಇರಬೇಕು.

ಎನ್‌ಎಫ್‌ಸಿ ಮುಟ್ಟದ ಇನ್ನೊಂದು ಸಂಗತಿಯೂ ಇದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವ’ ಒತ್ತಾಗಿ ಕೆಳಗಿಳಿಯದಿರಲೆಂದು ನಾವು ಹಾಕುವ ಜೋಡಣೆ ತಡೆಯುವ ಅಗೋಚರ ಚಿಹ್ನೆ, ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬರದಂತೆ ಹಾಕುವ ಜೋಡಿಸುವ ಚಿಹ್ನೆ, ಇವೆರಡೂ ಕಣ್ಣಿಗೆ ಕಾಣದ ಕೋಡ್‌ಪಾಯಿಂಟ್‌ಗಳು. ಇವು ಕನ್ನಡಕ್ಕೆ ಬೇಕೇ ಬೇಕು, ಆದ್ದರಿಂದ ಎಲ್ಲವನ್ನೂ ಅಳಿಸಿಹಾಕುವ ಕ್ರಮ ಸಲ್ಲದು. ಹಳೆಗಣಕ ಸರ್ ಹೇಳಿದ ಸಂಕೇತಗಳು ಇಲ್ಲಿ ನಿಜಕ್ಕೂ ಉಪಯುಕ್ತ: ಕಾಣುವ ಅಕ್ಷರಗಳನ್ನು ಅಕ್ಷರಗಳಾಗಿಯೇ ಬರೆದು, ಕಾಣದವನ್ನು ಬ್ಯಾಕ್‌ಸ್ಲ್ಯಾಷ್-ಯು ಸಂಕೇತವಾಗಿ ಬರೆದರೆ ಪರಿಶೀಲಿಸುವವರಿಗೆ ಅಲ್ಲೇನಿದೆ ಎಂದು ತಿಳಿಯುತ್ತದೆ. ಕಾಣದ ಚಿಹ್ನೆಗಳ ಬಗ್ಗೆ ಈ ಎಚ್ಚರ ಕೇವಲ ಶಿಸ್ತಿನ ಮಾತಲ್ಲ. ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ ಇರುವ ದಿಕ್ಕಿನ ಚಿಹ್ನೆಗಳನ್ನು ಅಡಗಿಸಿಟ್ಟರೆ ಕೋಡ್ ಓದುವವರಿಗೆ ಒಂದು, ಕಂಪೈಲರಿಗೆ ಇನ್ನೊಂದು ಎಂಬಂತೆ ಕಾಣಿಸಬಹುದು ಎಂದು ಕೇಂಬ್ರಿಜ್‌ನ ಸಂಶೋಧಕರು 2021ರ ನವೆಂಬರ್‌ನಲ್ಲಿ ತೋರಿಸಿಕೊಟ್ಟರು. ಅನಂತರ ಜಿಸಿಸಿ 12 ಅಂಥವುಗಳ ಬಗ್ಗೆ ಎಚ್ಚರಿಸತೊಡಗಿತು.

ಪ್ರಶ್ನೆ ಕೇಳಿದವರ ಮರುಮಾತು: ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ‘/ಯುಟಿಎಫ್-8’ ಸೇರಿಸಿ ಬಿಒಎಂ ತೆಗೆದ ಮೇಲೆ ಎರಡು ಬಗೆಯ ಸ್ಟ್ರಿಂಗ್‌ಗಳೂ ಸರಿಯಾಗಿವೆ. ಸಹಾಯಕರ ಪಟ್ಟಿಯಲ್ಲಿ ಓತ್ವ ಬಿಡಿಸಿದ ರೂಪದಲ್ಲಿಯೇ ಇತ್ತು. ಇನ್ನೆರಡು ಸಂದೇಹಗಳು ಉಳಿದಿವೆ. ಮುಂದೆ ಯಾರಾದರೂ ನನ್ನ ಕೋಡನ್ನು ತಮ್ಮ ಬಿಲ್ಡ್ ವ್ಯವಸ್ಥೆಗೆ ಸೇರಿಸಿಕೊಂಡು ಆ ಆಯ್ಕೆಯನ್ನು ಬಿಟ್ಟರೆ ಅದು ಕೂಡಲೇ ಗೊತ್ತಾಗುವಂತೆ ಮಾಡಲು ಸಾಧ್ಯವೇ? ಮತ್ತು ವೇರಿಯಬಲ್‌ಗಳ ಹೆಸರುಗಳನ್ನೂ ಕನ್ನಡದಲ್ಲಿ ಇಡಬಹುದೇ?

ಉತ್ತರ: ಸಂಕಲನಕಾರ

ಹೆಸರುಗಳ ವಿಷಯ ಮೊದಲು ಮುಗಿಸುತ್ತೇನೆ. ಸ್ಟ್ರಿಂಗ್‌ಗಳ ವಿಷಯದಲ್ಲಿ ಭಾಷೆಗಳು ಬಹುಮಟ್ಟಿಗೆ ಒಮ್ಮತಕ್ಕೆ ಬಂದಿವೆ, ಹೆಸರುಗಳ ವಿಷಯದಲ್ಲಿ ಬಂದಿಲ್ಲ. ಪೈಥಾನ್ 3ರಲ್ಲಿ ‘ಬೆಲೆ’ ಎಂಬ ವೇರಿಯಬಲ್ ಇಡಬಹುದು. ಗೋ ಭಾಷೆಯ ಸೋರ್ಸ್ ಯುಟಿಎಫ್-8 ಆಗಿರಲೇಬೇಕು ಎಂಬ ನಿಯಮವಿದ್ದರೂ, ಹೆಸರುಗಳಲ್ಲಿ ಯುನಿಕೋಡ್ ‘ಅಕ್ಷರ’ ವರ್ಗದವು ಮತ್ತು ಅಂಕಿಗಳಿಗೆ ಮಾತ್ರ ಅವಕಾಶವಿದೆ. ನಮ್ಮ ಗುಣಿತದ ಚಿಹ್ನೆಗಳು ಆ ವರ್ಗದಲ್ಲಿಲ್ಲ. ಹಾಗಾಗಿ ಅಲ್ಲಿ ‘ಬಲ’ ನಡೆಯುತ್ತದೆ, ‘ಬೆಲೆ’ ನಡೆಯುವುದಿಲ್ಲ. ಪ್ಯಾಕೇಜಿನ ಹೊರಗೆ ಕಾಣಬೇಕಾದ ಹೆಸರು ದೊಡ್ಡಕ್ಷರದಿಂದ ಆರಂಭವಾಗಬೇಕು ಎಂಬ ಇನ್ನೊಂದು ನಿಯಮವನ್ನು ದೊಡ್ಡಕ್ಷರಗಳೇ ಇಲ್ಲದ ಕನ್ನಡ ಪಾಲಿಸುವ ಬಗೆಯೇ ಇಲ್ಲ. ಪದಕೋಶ ಅವರು ಹೇಳಿದ ಅಗೋಚರ ಚಿಹ್ನೆಗಳನ್ನು ಜಾವಾಸ್ಕ್ರಿಪ್ಟ್ ಹೆಸರುಗಳಲ್ಲಿ ಒಪ್ಪುತ್ತದೆ, ಪೈಥಾನ್ ಒಪ್ಪುವುದಿಲ್ಲ. ಜಿಸಿಸಿಯಲ್ಲಿ ಯುಟಿಎಫ್-8 ಹೆಸರುಗಳನ್ನು ನೇರವಾಗಿ ಬರೆಯಲು ಸಾಧ್ಯವಾದದ್ದು 10ನೇ ಆವೃತ್ತಿಯಿಂದ. ನಾಲ್ಕು ಕಡೆ ಬಳಕೆಯಾಗಬೇಕಾದ ಲೈಬ್ರರಿಯಲ್ಲಿ ಸದ್ಯಕ್ಕೆ ಹೆಸರುಗಳು ಆಸ್ಕಿಯಲ್ಲಿರಲಿ, ಟಿಪ್ಪಣಿಗಳೂ ಸ್ಟ್ರಿಂಗ್‌ಗಳೂ ಕನ್ನಡದಲ್ಲಿರಲಿ.

ಆಯ್ಕೆ ಬಿಟ್ಟುಹೋದರೆ ಕಂಪೈಲ್ ಆಗುವಾಗಲೇ ತಡೆಯಲು ಎರಡು ಸ್ಟ್ಯಾಟಿಕ್ ಅಸರ್ಟ್‌ಗಳು (ಷರತ್ತು ಸುಳ್ಳಾದರೆ ಕಂಪೈಲನ್ನು ನಿಲ್ಲಿಸುವ ಸಾಲುಗಳು) ಸಾಕು. ಮೊದಲನೆಯದರಲ್ಲಿ ‘ಕ’ ಒಂದೇ ಇರುವ ಸಾಮಾನ್ಯ ಸ್ಟ್ರಿಂಗಿನ ಗಾತ್ರ 4 ಎಂದು ಪರೀಕ್ಷಿಸಿ: ಮೂರು ಬೈಟ್‌ಗಳು, ಕೊನೆಯ ಶೂನ್ಯ ಒಂದು. ಬಿಒಎಂ ಇದ್ದು ಆಯ್ಕೆ ಇಲ್ಲದಿದ್ದರೆ ಅದು ಪ್ರಶ್ನಾರ್ಥಕ ಚಿಹ್ನೆಯಾಗಿ ಗಾತ್ರ 2 ಆಗುತ್ತದೆ, ಕಂಪೈಲ್ ನಿಲ್ಲುತ್ತದೆ. ಆದರೆ ಬಿಒಎಂ ಕೂಡ ಇಲ್ಲದಿದ್ದರೆ, ಬೈಟ್‌ಗಳು ಹೋದಂತೆಯೇ ತಿರುಗಿ ಬರುವುದರಿಂದ ಈ ಪರೀಕ್ಷೆ ಮೋಸ ಹೋಗುತ್ತದೆ. ಅದಕ್ಕಾಗಿ ಎರಡನೆಯದು: ‘ಕ’ ಒಂದೇ ಇರುವ ವೈಡ್ ಸ್ಟ್ರಿಂಗಿನ ಗಾತ್ರವನ್ನು ಒಂದು ವೈಡ್ ಅಕ್ಷರದ ಗಾತ್ರದಿಂದ ಭಾಗಿಸಿದರೆ 2 ಬರಬೇಕು. 1252 ಎಂದು ಓದಿದ್ದರೆ ಮೂರು ಲ್ಯಾಟಿನ್ ಚಿಹ್ನೆ ಮತ್ತು ಶೂನ್ಯ ಸೇರಿ 4 ಬರುತ್ತದೆ. ಭಾಗಾಕಾರ ಬಿಡಬೇಡಿ, ಏಕೆಂದರೆ ವೈಡ್ ಅಕ್ಷರ ವಿಂಡೋಸ್‌ನಲ್ಲಿ 2 ಬೈಟ್, ಲಿನಕ್ಸ್‌ನಲ್ಲಿ 4 ಬೈಟ್. ಈ ಎರಡು ಸಾಲುಗಳನ್ನು ಪದಗಳ ಪಟ್ಟಿ ಇರುವ ಫೈಲಿನಲ್ಲಿಯೇ ಪಟ್ಟಿಗಿಂತ ಮೇಲೆ ಬರೆಯಿರಿ, ಬೇರೆ ಫೈಲಿನಲ್ಲಿ ಬೇಡ. ಬಿಒಎಂ ಇರುವುದು ಇಲ್ಲದಿರುವುದು ಫೈಲಿನಿಂದ ಫೈಲಿಗೆ ಬೇರೆಯಾಗಬಹುದು.